ಮೊದಲ ಶೀಲ ಹೇಳದ ಕರೆಂಟ್ ಸಾಹೇಬರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದುಂಡಸಿಯ ಹೊಲವೊಂದರ ಬಾವಿ ದಂಡೆಯ ಮೇಲೆ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಕುಕ್ಕರಗಾಲಲ್ಲಿ ಕುಳಿತು ಮೋಟರಿನ ಬೋಲ್ಟು ಬಿಗಿಯುತ್ತಿದ್ದಾರೆ. ತಲೆಗೆ ಟವೆಲು, ಮೂಗಿನ ತುದಿಗೆ ಜಾರಿದ ಕನ್ನಡಕ, ಬನಿಯನ್ನಿನ ಮೇಲೆ ವಾರ್ನಿಶಿನ ಕಲೆ. ತ್ರೀ ಫೇಸ್ ಕರೆಂಟು ಬರುವುದರೊಳಗೆ ಕೆಲಸ ಮುಗಿಯಬೇಕು, ಬಂದ ಕರೆಂಟು ಯಾರಪ್ಪನ ಮನೆಯ ಆಳೂ ಅಲ್ಲ. ಹೊಲದ ಯಜಮಾನ ಕುಬೇರಪ್ಪ ಬ್ಯಾಟರಿ ಹಿಡಿದುಕೊಂಡು ಆಕಳಿಸುತ್ತ ನಿಂತಿದ್ದಾರೆ.

ಕರೆಂಟು ಬರುತ್ತದೆ. ಹಿರಿಯರು ಸ್ಟಾರ್ಟರಿನ ಹಸಿರು ಗುಂಡಿ ಒತ್ತುತ್ತಾರೆ. ಮೋಟರು ಗೊರ್ ಎಂದು ಒಮ್ಮೆ ನಡುಗಿ, ಆಮೇಲೆ ಒಂದೇ ದನಿಯಲ್ಲಿ ಓಡತೊಡಗುತ್ತದೆ. ಪೈಪಿನ ಬಾಯಿಗೆ ನೀರು ಬಂದು ಗೋವಿನಜೋಳದ ಸಾಲಿಗೆ ಇಳಿಯುತ್ತದೆ.

“ಆತಲ್ರಿ ಸಾಹೇಬ್ರ, ನೀರ ಬಂತು. ಚಾ ತರಸ್ತೇನಿ ತಡೀರಿ,” ಎನ್ನುತ್ತಾರೆ ಕುಬೇರಪ್ಪ.

“ಸ್ವಲ್ಪ ನಿಂದರ್ರಿ. ಕಾಯತೈತೇನೋ ನೋಡೂಣು,” ಎಂದು ಹಿರಿಯರು ಮೋಟರಿನ ಮೈಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಕುಬೇರಪ್ಪನವರ ಮನೆ ಅಲ್ಲೇ ಹೊಲದ ಅಂಚಿನಲ್ಲಿದೆ, ಆದರೆ ಚಹಾ ಮಾತ್ರ ಬಾವಿಗೇ ಬರುತ್ತದೆ. ಯಾಕೆ ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿದೆ.

ಊರಿಗೆಲ್ಲ ಇವರು ‘ಕರೆಂಟ್ ಸಾಹೇಬ್ರು’. ಹೆಸರು ಹುಲಗಪ್ಪ ದೊಡ್ಡಮನಿ. ಸುಟ್ಟುಹೋದ ಪಂಪ್‌ಸೆಟ್ ಮೋಟರಿನ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿಕೊಡುವ ವೈಂಡಿಂಗ್ ಕೆಲಸ ಇವರದು. ತಂತಿ, ವಾರ್ನಿಶಿನ ಖರ್ಚಷ್ಟೇ ತೆಗೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮೋಟರುಗಳು ಬಂದು ಬಿದ್ದಿರುತ್ತವೆ. ಶಿಗ್ಗಾವಿ ಬಸ್ ಸ್ಟ್ಯಾಂಡಿನಲ್ಲಿ ಇವರ ಸುದ್ದಿ ಕೇಳಿ, ಭಾನುವಾರದ ಪುಟಕ್ಕೆ ಒಂದು ಸರಳ ಬರಹವಾದೀತು ಎಂದು ನಾನು ದುಂಡಸಿಯ ಬಸ್ಸು ಹತ್ತಿದ್ದು. ಸರಳವಾಗಲಿಲ್ಲ.

ಮಾತಿಗೆ ಕುಳಿತಾಗ, “ನಿವೃತ್ತಿಗೆ ಮುಂಚೆ ಎಲ್ಲಿದ್ರಿ? ವಿದ್ಯುತ್ ಸ್ಥಾವರದಾಗೇನು?” ಎಂದು ವಾಡಿಕೆಯ ಪ್ರಶ್ನೆ ಹಾಕುತ್ತೇನೆ. ಹುಲಗಪ್ಪನವರು ಕೈಯಲ್ಲಿದ್ದ ತಂತಿಯನ್ನು ಕೆಳಗಿಡುತ್ತಾರೆ. ಒಳಮನೆಯ ಕಡೆ ನೋಡಿ ದನಿ ತಗ್ಗಿಸುತ್ತಾರೆ.

“ನಾ ಕರೆಂಟಿನ ಕೆಲಸದಾಗ ಇರಲಿಲ್ರಿ. ಅಣುಬಾಂಬಿನ ಕೆಲಸದಾಗಿದ್ದೆ. ಫಿಜಿಕ್ಸ್ ನಂದು. ಇಷ್ಟ ಹೇಳತೇನಿ. ಏನು, ಎಷ್ಟು, ಹ್ಯಾಂಗ ಅನ್ನೂದು ನನ್ನ ಜೋಡಿನ ಮಣ್ಣಾಗಬೇಕು.”

ಜೊತೆಗೇ ಒಂದು ಷರತ್ತು. “ಒಳಗ ನಮ್ಮವ್ವ ಅದಾಳ್ರಿ. ಆಕಿಗೂ ನಾ ಕರೆಂಟಿನವನ. ಈ ಬುದ್ಧಪೂರ್ಣಿಮಿಗೆ ಓಣ್ಯಾನ ಮಂದಿಗೆ ಪಂಚಶೀಲ ನಾನ ಹೇಳಿಕೊಡಬೇಕಂತ ಹಟಾ ಹಿಡದಾಳ. ಅದಕ್ಕಿಂತ ಮೊದಲ ಆಕಿಗೆ ಖರೇ ಹೇಳಬೇಕು. ನಾ ಹೇಳೂ ತನಕ ನೀವು ಅಚ್ಚು ಹಾಕಬ್ಯಾಡ್ರಿ.”

ಹಾಗಾಗಿ ಈ ಬರಹ ನನ್ನ ಚೀಲದಲ್ಲೇ ಕುಳಿತು ಬುದ್ಧಪೂರ್ಣಿಮೆಯ ದಾರಿ ನೋಡುತ್ತದೆ.

ಹುಲಗಪ್ಪನವರ ತಂದೆ ಗಿರಿಯಪ್ಪ ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಹಮಾಲರಾಗಿದ್ದರು. ಬೆನ್ನ ಮೇಲೆ ಚೀಲ ಹೊತ್ತು ಮಗನನ್ನು ಅಲ್ಲಿಯ ಹೈಸ್ಕೂಲಿನಲ್ಲಿ ಓದಿಸಿದರು. ಧಾರವಾಡದ ಹಾಸ್ಟೆಲು, ಫಿಜಿಕ್ಸ್ ಪದವಿ, ಆಮೇಲೆ ಮುಂಬೈ. ಮಗ ಓದುತ್ತಿದ್ದ ಕಾಲದಲ್ಲೇ ಗಿರಿಯಪ್ಪ ದುಂಡಸಿಯ ತಮ್ಮ ಓಣಿಯ ಹಲವು ಮನೆಯವರ ಜೊತೆ ಬೌದ್ಧ ಧಮ್ಮ ಸ್ವೀಕರಿಸಿದರು. ಓದು ಬರದ ಮನುಷ್ಯ ಪಂಚಶೀಲವನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿಕೊಂಡರು. ಜೀವ ತೆಗೆಯೆನು, ಕೊಡದ್ದನ್ನು ಮುಟ್ಟೆನು, ನಡತೆಗೆಡೆನು, ಸುಳ್ಳಾಡೆನು, ಅಮಲೇರಿಸಿಕೊಳ್ಳೆನು. ಈ ಐದು ಮಾತನ್ನು ಸಂಜೆ ಓಣಿಯವರಿಂದ ಹೇಳಿಸಿ, ಆಮೇಲೆಯೇ ಊಟ.

ನೌಕರಿಗೆ ಸೇರಿದ ದಿನವೇ ಹುಲಗಪ್ಪನವರಿಂದ ಸಹಿ ಹಾಕಿಸಿಕೊಂಡಿದ್ದರು: ಕೆಲಸದ ವಿಷಯ ಮನೆಯಲ್ಲೂ ಆಡಕೂಡದು. ಊರಿಗೆ ಬಂದಾಗ ಅಪ್ಪ ಕೇಳಿದ, ಏನು ಕೆಲಸವೋ ಮಗನೇ ಎಂದು. “ಅಣುದಿಂದ ಕರೆಂಟ್ ಮಾಡ್ತಾರಪಾ ಅಂದೆ. ಮಾಡ್ತಿದ್ರು ಖರೇ, ಮಾಡಾವ್ರು ಬ್ಯಾರೆ ಇದ್ರು,” ಎನ್ನುತ್ತಾರೆ ಹುಲಗಪ್ಪ. ಆಗ ಓಣಿಗೆ ವಿದ್ಯುತ್ ಕಂಬವೇ ಇರಲಿಲ್ಲ. ಕೆಲವು ವರ್ಷಗಳ ಮೇಲೆ ಕಂಬ ಬಂದು, ತಂತಿ ಬಂದು, ಮನೆಯಲ್ಲಿ ಬಲ್ಬು ಹತ್ತಿದಾಗ ಗಿರಿಯಪ್ಪ ಮನೆಮನೆಗೆ ಹೋಗಿ, “ನಮ್ಮ ಹುಲಗ್ಯಾ ಕಳಸ್ಯಾನ” ಎಂದು ಹೇಳಿ ಬಂದರಂತೆ. ಆ ರಾತ್ರಿ ಬಲ್ಬು ಆರಿಸಲು ಬಿಡಲಿಲ್ಲವಂತೆ. ಇದನ್ನು ಹೇಳುವಾಗ ಹುಲಗಪ್ಪ ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಮುಂಬೈಯಲ್ಲಿ ಅವರು ಮಾಡಿದ್ದು ಲೆಕ್ಕದ ಕೆಲಸ. ಅಪಾರ ಒತ್ತಡ ಬಿದ್ದಾಗ ಲೋಹವೊಂದು ಹೇಗೆ ವರ್ತಿಸುತ್ತದೆ ಎಂಬುದು. ಅದಕ್ಕಿಂತ ಹೆಚ್ಚು ಅವರು ಹೇಳುವುದಿಲ್ಲ, ಹೇಳಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ನೂರಾರು ಜನರಲ್ಲಿ ಒಬ್ಬರು. ಯಾವ ಫೋಟೋದಲ್ಲೂ ಇಲ್ಲ, ಯಾವ ಪದಕವೂ ಬಂದಿಲ್ಲ. ಹೆಂಡತಿ ತೀರಿಕೊಳ್ಳುವವರೆಗೂ ಅವರಿಗೆ ಗಂಡನ ಆಫೀಸಿನ ಒಳಗೇನು ನಡೆಯುತ್ತದೆಂದು ಗೊತ್ತಾಗಲಿಲ್ಲ. ಹಾನಗಲ್ಲಿನಲ್ಲಿ ನರ್ಸ್ ಆಗಿರುವ ಮಗಳು ವಿದ್ಯಾಶ್ರೀಗೆ ಹೇಳಿದ್ದು ಹೋದ ವರ್ಷ. “ಸಿಟ್ಟು ಬರಲಿಲ್ರಿ. ಇಷ್ಟ ವರ್ಷ ಇದನ್ನ ಒಬ್ಬರ ಹೊತ್ಕೊಂಡು ತಿರಗ್ಯಾರಲ್ಲ ಅಂತ ಕೆಟ್ಟನಿಸ್ತು. ಆದ್ರ ಅಜ್ಜಿಗೆ ನೀವ ಹೇಳಬೇಕು, ನಾ ಹೇಳಂಗಿಲ್ಲ ಅಂದೆ,” ಎನ್ನುತ್ತಾರೆ ಅವರು ಫೋನಿನಲ್ಲಿ.

ಹುಲಗಪ್ಪನವರ ಹಾಸ್ಟೆಲ್ ಗೆಳೆಯ ಮೃತ್ಯುಂಜಯ ಹಿರೇಕೆರೂರಿನಲ್ಲಿದ್ದಾರೆ, ನಿವೃತ್ತ ಉಪನ್ಯಾಸಕರು. ಗೆಳೆಯನ ಕೆಲಸ ಏನಿರಬಹುದೆಂದು ಮೊದಲೇ ಊಹಿಸಿದ್ದವರು ಇವರೊಬ್ಬರೇ. ಇವರ ವಾದವೇ ಬೇರೆ. “ಅಂವ ತಪ್ಪೇನ ಮಾಡ್ಯಾನ್ರಿ? ಅದು ಐತಿ ಅಂತನ ಇವತ್ತ ಯಾರೂ ನಮ್ಮ ಮೈಮ್ಯಾಲೆ ಬರೂದಿಲ್ಲ. ಹಿರೇಕೆರೂರಾಗ ಬರೇ ವಿಜ್ಞಾನಿ ಅಂತ ಹೇಳಿ ಸನ್ಮಾನ ಇಟ್ಟಿದ್ವಿ. ಶಾಲು, ಹಾರ, ಪೇಟಾ ಎಲ್ಲಾ ತಂದಿದ್ವಿ. ಮುಂಜಾನಿ ಬಸ್ಸಿಗೆ ಬಂದು ನನ್ನ ಮನ್ಯಾಗ ನಾಷ್ಟಾ ಮಾಡಿ, ಅದ ಬಸ್ಸಿಗೆ ತಿರಿಗಿ ಓಡಿಹೋದ,” ಎಂದು ಅವರು ಈಗಲೂ ಮುನಿಸಿಕೊಳ್ಳುತ್ತಾರೆ. ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹುಲಗಪ್ಪನವರೂ ಹೇಳುವುದಿಲ್ಲ. ಅವರ ಸಂಕಟ ದೇಶದ್ದಲ್ಲ, ಮನೆಯದು.

ಅದು ಹತ್ತೊಂಬತ್ತುನೂರ ತೊಂಬತ್ತೆಂಟರ ಬುದ್ಧಪೂರ್ಣಿಮೆ. ಓಣಿಯವರು ಕೈಯಾರೆ ಕಟ್ಟಿದ ತಗಡಿನ ವಿಹಾರದಲ್ಲಿ ಮೊದಲ ದೀಪ ಹಚ್ಚಲು ಮಗ ಬರುತ್ತಾನೆಂದು ಗಿರಿಯಪ್ಪ ಎಲ್ಲರಿಗೂ ಹೇಳಿಟ್ಟಿದ್ದರು. ಮಗ ಬರಲಿಲ್ಲ. ಮಗ ಮರುಭೂಮಿಯಲ್ಲಿದ್ದ, ತನ್ನದಲ್ಲದ ಹೆಸರಿನಲ್ಲಿ, ತನ್ನದಲ್ಲದ ಸೈನಿಕರ ಅಂಗಿಯಲ್ಲಿ. ಸಂಜೆ ಚಹಾದಂಗಡಿಯ ರೇಡಿಯೋದಲ್ಲಿ ಅಣುಬಾಂಬು ಪರೀಕ್ಷೆಯ ಸುದ್ದಿ ಬಂತು. ಊರಲ್ಲಿ ಕೆಲವರು ಪೇಢೆ ಹಂಚಿದರು. ಗಿರಿಯಪ್ಪ ನೇರ ವಿಹಾರಕ್ಕೆ ಬಂದು ಜನರ ಮುಂದೆ ನಿಂತರು.

“ಬುದ್ಧ ಹುಟ್ಟಿದ ದಿನಾನ ಹಿಂಗ ಮಾಡ್ಯಾರ. ನನ್ನ ಮಗ ಅಂಥಾದ್ರಾಗಿಲ್ಲ, ಅಂವ ಕರೆಂಟ್ ಮಾಡತಾನ, ಅದೊಂದು ಸಮಾಧಾನ ನನಗ. ಇವತ್ತ ಮೊದಲ್ನೇ ಶೀಲ ಎರಡ ಸಲ ಹೇಳ್ರಿ.”

ಎರಡು ಸಲ ಹೇಳಿದರು. ಅಂದಿನಿಂದ ಅದು ರೂಢಿಯೇ ಆಗಿಬಿಟ್ಟಿದೆ. ಈ ಓಣಿಯಲ್ಲಿ ಪ್ರತಿ ಬುದ್ಧಪೂರ್ಣಿಮೆಗೆ, ಜೀವ ತೆಗೆಯೆನು ಎಂಬ ಮಾತನ್ನು ಎರಡು ಸಲ ಹೇಳುತ್ತಾರೆ. ಈಗಿನ ಹುಡುಗರಿಗೆ ಯಾಕೆಂದು ಗೊತ್ತಿಲ್ಲ, ಎಲ್ಲ ಊರಲ್ಲೂ ಹೀಗೇ ಎಂದುಕೊಂಡಿದ್ದಾರೆ. ಆ ಮಳೆಗಾಲದಲ್ಲಿ ಹುಲಗಪ್ಪ ರಜೆಗೆ ಬಂದಾಗ ಇದನ್ನೆಲ್ಲ ಅವರಿಗೆ ಹೇಳಿದ್ದು ತಾಯಿ ಕರೆವ್ವ. ಹೆಮ್ಮೆಯಿಂದ ಹೇಳಿದ್ದರು, ರೊಟ್ಟಿ ಬಡಿಯುತ್ತ.

ಗಿರಿಯಪ್ಪ ತೀರಿಕೊಂಡದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ. ಮಗ ಪಕ್ಕದಲ್ಲಿದ್ದ. “ಕೈ ಹಿಡಕೊಂಡಿದ್ನಿರಿ. ವಾರ್ಡಿನ್ಯಾಗ ಬ್ಯಾರೆ ಯಾರೂ ಇರಲಿಲ್ಲ. ಸಹಿ ಮಾಡೇನಿ, ಹೇಳಬಾರ್ದು ಅಂತ ಮನಸಿಗೆ ಹೇಳಕೊಂಡೆ. ಅದು ನೆಪರಿ. ಸಾಯೂ ಮನಷ್ಯಾ ಯಾರಿಗೆ ಹೇಳತಿದ್ದ? ನನಗ ಅಂಜಿಕಿ ಇತ್ತು, ಅಷ್ಟ. ಅಪ್ಪ ನನ್ನ ಕೈ ಬಿಟ್ಟಾನು ಅಂತ ಅಂಜಿಕಿ.”

ನಿವೃತ್ತಿಯಾಗಿ ಊರಿಗೆ ಬಂದರೆ ಸುಳ್ಳು ಅಲ್ಲಿ ಬೆಳೆದು ನಿಂತಿತ್ತು. ಸುಟ್ಟ ಮೋಟರು ಹೊತ್ತುಕೊಂಡು ಜನ ಮನೆಗೆ ಬಂದರು, ಕರೆಂಟಿನವರಲ್ಲವೇ ಎಂದು. ಕರೆವ್ವ ಒಳಗಿನಿಂದಲೇ, “ಇಳಸ್ರಿ, ನನ್ನ ಮಗ ಮಾಡಿಕೊಡತಾನ” ಎಂದುಬಿಟ್ಟರು. ಮಗನಿಗೆ ವೈಂಡಿಂಗ್‌ನ ಗಂಧಗಾಳಿಯೂ ಇರಲಿಲ್ಲ. ಬೇರೆ ದಾರಿ ಕಾಣದೆ ಸವಣೂರಿಗೆ ಹೋಗಿ ಖಾದರಸಾಬರ ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯಲು ಕುಳಿತರು.

“ಮುಂಬೈದಾಗ ದೊಡ್ಡ ಆಫೀಸರ್ ಇದ್ದೆ ಅಂದ್ರು, ನಾ ನಂಬಲಿಲ್ಲ,” ಎನ್ನುತ್ತಾರೆ ಖಾದರಸಾಬ, ಸವಣೂರಿನ ವೀಳ್ಯದೆಲೆಯನ್ನು ದವಡೆಯಿಂದ ದವಡೆಗೆ ದಾಟಿಸುತ್ತ. “ಮೊದಲ್ನೇ ಮೋಟರು ಚಾಲೂ ಮಾಡಿದ ಕೂಡ್ಲೆ ಹೊಗಿ ಬಿಡ್ತು. ಎರಡ್ನೇದೂ ಹಂಗ. ರಿಟೈರ್ ಆಗೀರಿ, ಆರಾಮ ಮನ್ಯಾಗ ಕುಂದರ್ರಿ ಅಂದೆ. ಇಲ್ಲ ಉಸ್ತಾದ್, ಕಲೀಲಿಕ್ಕನ ಬೇಕು ಅಂದ್ರು. ಯಾಕಂತ ನಾ ಕೇಳಲಿಲ್ಲ. ಈಗ ಕೈ ಕುಂತೈತಿ ನೋಡ್ರಿ. ಸಾವಕಾಶ ಮಾಡ್ತಾರ, ಖರೇ ತಿರಿಗಿ ಬರೂದಿಲ್ಲ ಆ ಮೋಟರು.”

ಅಂದರೆ ಈ ಮೋಟರುಗಳ ಹಿಂದಿರುವುದು ಸಮಾಜಸೇವೆಯಲ್ಲ, ನಾವು ಪತ್ರಿಕೆಯವರು ಬರೆಯಲು ಇಷ್ಟಪಡುವ ನಿಸ್ವಾರ್ಥವೂ ಅಲ್ಲ. ಅಪ್ಪನಿಗೆ ಹೇಳಿದ ಸುಳ್ಳನ್ನು, ಅಪ್ಪ ಹೋದ ಮೇಲೆ, ತಂತಿ ತಂತಿಯಾಗಿ ಸುತ್ತಿ ನಿಜ ಮಾಡುವ ಪ್ರಯತ್ನ. ಅದು ಆಗುವ ಕೆಲಸವಲ್ಲವೆಂದು ಅವರಿಗೇ ಗೊತ್ತು. ವಿಹಾರದಲ್ಲಿ ಅವರು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಾರೆ. ಐದರಲ್ಲಿ ಮೂರು ಶೀಲವನ್ನು ಎಲ್ಲರ ಜೊತೆ ಹೇಳುತ್ತಾರೆ. ಮೊದಲನೆಯದಕ್ಕೆ ಬಾಯಿ ತೆರೆಯುವುದಿಲ್ಲ. ಸುಳ್ಳಾಡೆನು ಎಂಬ ನಾಲ್ಕನೆಯದಕ್ಕೂ ತೆರೆಯುವುದಿಲ್ಲ. ದೊಡ್ಡ ಆಫೀಸರಿಗೆ ನಮ್ಮ ಪ್ರಾರ್ಥನೆ ಹಿಡಿಸುವುದಿಲ್ಲ ಎಂದು ಓಣಿಯಲ್ಲಿ ಆಡಿಕೊಳ್ಳುವವರೂ ಇದ್ದಾರೆ.

ಪೂರ್ಣಿಮೆಯ ಮುಂಜಾನೆ ನಾನು ಮತ್ತೆ ದುಂಡಸಿಯಲ್ಲಿದ್ದೇನೆ. ಕರೆವ್ವ ಕಟ್ಟೆಯ ಮೇಲೆ ಕುಳಿತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದಾರೆ. ತೊಂಬತ್ತು ದಾಟಿದ ಜೀವ, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ನಾನು ಎದ್ದು ಹೊರಗೆ ಹೋಗಲು ನೋಡಿದರೆ ಹುಲಗಪ್ಪ ಕೈಸನ್ನೆ ಮಾಡಿ ಕೂರಿಸುತ್ತಾರೆ. ಒಬ್ಬರೇ ಇದ್ದರೆ ಈ ಸಲವೂ ಬಾಯಿ ಬರಲಿಕ್ಕಿಲ್ಲ ಎಂಬ ಭಯವಿರಬೇಕು.

“ಯವ್ವಾ, ನಾ ಮುಂಬೈದಾಗ ಕರೆಂಟ್ ಮಾಡತಿರಲಿಲ್ಲ.”

“ಮತ್ತೇನ ಮಾಡತಿದ್ದಿ?”

“ಬಾಂಬ್ ಮಾಡಾವ್ರ ಜೋಡಿ ಇದ್ನಿ. ಅಪ್ಪ ರೇಡಿಯೋದಾಗ ಕೇಳಿ ಬಂದಿದ್ನಲ್ಲ, ಅದು.”

ಕರೆವ್ವ ಬಸಿಯನ್ನು ಕೆಳಗಿಡುತ್ತಾರೆ. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ.

“ಅದರಿಂದ ಯಾರರ ಸತ್ತಾರೇನು?”

“ಇನ್ನೂ ಇಲ್ಲಬೇ.”

“ಈಗೂ ಐತೇನದು?”

“ಐತಿ. ಅಂಥಾವು ಮಾಡಿ ಇಟ್ಟಾರ.”

“ನೀ ಹೋಗಿ ಬ್ಯಾಡಂದ್ರ ಬಿಚ್ಚಿ ಇಡತಾರೇನು?”

“ನನ್ನ ಮಾತ ಯಾರ ಕೇಳತಾರಬೇ.”

ಚಹಾದ ಮೇಲೆ ಕೆನೆ ಕಟ್ಟುತ್ತದೆ. ಕಡೆಗೆ, ಮಗನ ಕಡೆಗಲ್ಲ, ಬೀದಿಯ ಕಡೆ ಮುಖ ಮಾಡಿ ಹೇಳುತ್ತಾರೆ: “ಇದನ್ನ ನಿಮ್ಮಪ್ಪನ ಮುಂದ ಹೇಳಬೇಕಿತ್ತೋ ಹುಲಗ್ಯಾ. ಅಂವ ಬೈತಿದ್ದ. ಬೈದು, ಆಮ್ಯಾಲೆ ಉಣ್ಣಾಕ ಬಾ ಅಂತಿದ್ದ. ನನಗ ಬೈಯಾಕೂ ಬರೂದಿಲ್ಲ.”

ನನಗೆ ಹುಲಗಪ್ಪನವರನ್ನು ನೋಡಲಾಗುವುದಿಲ್ಲ, ಅಂಗಳದ ಮೋಟರುಗಳನ್ನು ನೋಡುತ್ತೇನೆ.

ಸಂಜೆ ವಿಹಾರದಲ್ಲಿ ಪಂಚಶೀಲ ಹೇಳಿಕೊಡಲು ಕರೆವ್ವ ಮಗನನ್ನು ಕರೆಯುವುದಿಲ್ಲ. ತಾವೇ ಗೋಡೆ ಹಿಡಿದು ಎದ್ದು ನಿಲ್ಲುತ್ತಾರೆ. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕರೆವ್ವ ಮೊದಲನೆಯದನ್ನು ಎರಡು ಸಲ ಹೇಳಿಸುತ್ತಾರೆ. ಹಿಂದಿನ ಸಾಲಿನಲ್ಲಿ ಹುಲಗಪ್ಪ ಎರಡು ಸಲವೂ ಸುಮ್ಮನೆ. ಎರಡನೆಯದು, ಮೂರನೆಯದು ಎಲ್ಲರ ಜೊತೆ. ನಾಲ್ಕನೆಯದು ಬಂದಾಗ ಅವರ ದನಿ ಗುಂಪಿಗಿಂತ ತುಸು ತಡವಾಗಿ, ಒಡೆದು, ಆದರೆ ಗಟ್ಟಿಯಾಗಿ ಕೇಳಿಸುತ್ತದೆ. ಕರೆವ್ವ ಆ ಕಡೆ ಕಿವಿ ತಿರುಗಿಸುತ್ತಾರೆ. ಆಮೇಲೆ ಐದನೆಯದಕ್ಕೆ ಹೋಗುತ್ತಾರೆ.

ಶಿಗ್ಗಾವಿಯ ಕೊನೆಯ ಬಸ್ಸಿಗೆ ಹುಲಗಪ್ಪ ನನ್ನ ಜೊತೆ ರಸ್ತೆಯವರೆಗೆ ಬರುತ್ತಾರೆ. ಇನ್ನು ಅಚ್ಚು ಹಾಕಬಹುದೇ ಎಂದು ಕೇಳುತ್ತೇನೆ.

“ಹಾಕ್ರಿ.”

ಈಗ ತಾಯಿಗೆ ಹೇಳಿಯಾಯಿತಲ್ಲ, ಮುಂದಿನ ವರ್ಷ ಮೊದಲ ಶೀಲವನ್ನೂ ಹೇಳಬಹುದಲ್ಲ ಎಂದು ನಾನು ಸಮಾಧಾನದ ಮಾತಾಡುತ್ತೇನೆ. ಅವರು ತಲೆ ಅಲ್ಲಾಡಿಸುತ್ತಾರೆ.

“ಆ ಬಾಂಬು ಅಲ್ಲೇ ಕುಂತೈತಲ್ರಿ. ಅದು ಇರೂ ತನಕ ಆ ಮಾತು ನನ್ನ ಬಾಯಾಗ ಸುಳ್ಳಾಕ್ಕೈತಿ. ಮೂರು ಇದ್ದದ್ದು ಇವತ್ತ ನಾಲ್ಕಾತು. ಐದು ನನ್ನ ಪಾಲಿಗಿಲ್ರಿ.”