ಅಡ್ಡ ಮಲಗಿದ ಕಾರ್ಡು

ಹಾಲು ನೆತ್ತಿಗೇರಿದರೆ ಬೆನ್ನು ತಟ್ಟುವವರು ಯಾರು? ಮೂರು ದಿನದಿಂದ ಈ ಒಂದೇ ಯೋಚನೆ ಅವಳ ತಲೆ ತಿನ್ನುತ್ತಿತ್ತು. ಮಗುವಿಗೆ ಎಂಟು ತಿಂಗಳು. ಪಕ್ಕದ ಬೀದಿಯ ಡೇ ಕೇರಿನಲ್ಲಿ ಹನ್ನೊಂದು ಮಕ್ಕಳಿಗೆ ಇಬ್ಬರೇ ಆಯಾಗಳು. ಅಲ್ಲೊಂದು ಜಾಗ ಖಾಲಿಯಾಗಿತ್ತು. ಶನಿವಾರ ಹನ್ನೆರಡರೊಳಗೆ ಹೇಳದಿದ್ದರೆ ಬೇರೆಯವರಿಗೆ. ಸೋಮವಾರ ಅವಳು ಕಟ್ಟುಹಲ್ಲು ತಯಾರಿಸುವ ಲ್ಯಾಬಿಗೆ ಮರಳದಿದ್ದರೆ ಅವಳ ಕೆಲಸವೂ ಬೇರೆಯವರಿಗೆ. ಇವತ್ತೇ ಶನಿವಾರ, ಗಂಟೆ ಹನ್ನೊಂದೂವರೆ.

"ಡೇ ಕೇರ್ ಯಾಕೆ? ಮಗು ಮಲಗಿದಾಗ ಮನೇಲೇ ಕೆಲಸ ಮಾಡು. ಹಲ್ಲು ಇಲ್ಲಿಗೇ ಕಳಿಸಿಕೊಡೋಕೆ ಹೇಳು" ಎಂದು ಗಂಡ ತೀರ್ಪು ಕೊಟ್ಟಾಗಿತ್ತು.

ತೀರ್ಪು ಕೊಡುವುದು ಅವನಿಗೆ ಅಭ್ಯಾಸ. ವಾರವಿಡೀ ಲಿಫ್ಟ್ ರಿಪೇರಿ ಮಾಡುವ ಆ ಮಹಾಶಯ ಭಾನುವಾರ ಕಾರ್ಡಿನಾಟ ಆಡಿಸುವ ಅಂಗಡಿಯಲ್ಲಿ ಜಡ್ಜ್. ಡ್ರ್ಯಾಗನ್ನು, ಮಂತ್ರವಾದಿಗಳ ಆ ಆಟದಲ್ಲಿ ತಕರಾರು ಬಂದರೆ ಎಲ್ಲರೂ ಕೂಗುವುದು ಅವನನ್ನೇ. ಮನೆಯ ನಲ್ಲಿ ಆರು ವಾರದಿಂದ ಸೋರುತ್ತಿದ್ದರೂ 'ನೋಡೋಣ' ಎನ್ನುವವನು ಕಾರ್ಡೊಂದರ ಮೂಲೆ ಮಡಚಿಕೊಂಡರೆ ಬೆವರುತ್ತಿದ್ದ. ಒಂದೊಂದು ಕಾರ್ಡಿಗೂ ಪ್ಲಾಸ್ಟಿಕ್ ಕವರು. ಮಗುವಿನ ಲಸಿಕೆ ಚೀಟಿ ಮಾತ್ರ ಒಲೆಯ ಪಕ್ಕ ಎಣ್ಣೆ ಕುಡಿಯುತ್ತಾ ಬಿದ್ದಿತ್ತು.

ಈಗ ಊಟದ ಮೇಜಿನ ಮೇಲೆ ಗೆಳೆಯನೊಬ್ಬನಿಗೆ ಪಾಠ ನಡೆದಿತ್ತು. ಗೆಳೆಯ ಕಿಟಕಿಗಳಿಗೆ ಗಾಜು ಕತ್ತರಿಸುವವನು. ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಒಂದೇ ಕೈಯಲ್ಲಿ ಬಟ್ಟೆ ಮಡಚುತ್ತಿದ್ದಳು.

"ಡ್ರ್ಯಾಗನ್ ಬಿಟ್ಟಿ ಬರಲ್ಲಪ್ಪ. ಐದು ಶಕ್ತಿ ಬೇಕು. ಶಕ್ತಿ ಬರೋದು ಈ ನೆಲದ ಕಾರ್ಡಿಂದ. ಸರದಿಗೊಂದು ನೆಲ ಇಡಬಹುದು. ಒಂದನ್ನ ಹೀಗೆ ಅಡ್ಡ ತಿರುಗಿಸಿದ್ರೆ ಒಂದು ಶಕ್ತಿ."

ಗೆಳೆಯ ತನ್ನ ನಾಲ್ಕೂ ನೆಲ ತಿರುಗಿಸಿದ. ಐದಕ್ಕೆ ಇನ್ನೂ ಒಂದು ಶಕ್ತಿ ಕಡಿಮೆ. ಮೆಲ್ಲಗೆ ಮೊದಲನೆಯ ಕಾರ್ಡಿಗೇ ಮತ್ತೆ ಕೈಹಾಕಿದ.

"ಕೈ ತೆಗಿಯೋ! ತಿರುಗಿಸಿದ್ದನ್ನೇ ಮತ್ತೆ ತಿರುಗಿಸ್ತಾರಾ? ಅದರ ಶಕ್ತಿ ಮುಗೀತು. ನಿನ್ನ ಮುಂದಿನ ಸರದಿವರೆಗೂ ಅದು ಮಲಗಿರಬೇಕು."

"ಒಂದೇ ಒಂದ್ಸಲ ಕಣೋ."

"ಎಲ್ಲ ಕಳ್ಳರೂ ಹಾಗೇ ಅನ್ನೋದು. ಒಂದೇ ನೆಲದಿಂದ ಎರಡು ಕೆಲಸ ತೆಗೆಯೋದು ಶುದ್ಧ ಮೋಸ!" ಎಂದು ಗುಡುಗಿದವನು, ಕಾರ್ಡಿನಿಂದ ಕಣ್ಣೆತ್ತದೆ, "ಏನೇ, ಎರಡು ಟೀ. ಹಾಗೇ ನನ್ನ ಯೂನಿಫಾರಂ ಒಂಚೂರು ಇಸ್ತ್ರಿ ಮಾಡ್ಬಿಡು" ಎಂದ.

ಗೆಳೆಯ ಅವಳ ಮುಖ ನೋಡಿದ, ಮಗುವನ್ನು ನೋಡಿದ, ಬಟ್ಟೆಯ ರಾಶಿ ನೋಡಿದ. "ನಂಗೆ ಟೀ ಬೇಡ ಅತ್ತಿಗೆ" ಎಂದು ಗೊಣಗಿದ.

ಬೆಳಗಿನ ಐದರಿಂದ ಆ ಕಾರ್ಡಿನ ಹಾಗೆ ತಾನು ಎಷ್ಟು ಸಲ ತಿರುಗಿದೆನೆಂದು ಅವಳು ಲೆಕ್ಕ ಹಾಕಲು ಹೊರಟು, ಮಗುವಿನ ಬಾಟಲಿ ಕುದಿಸಿದಲ್ಲಿಗೇ ಲೆಕ್ಕ ಕೈಬಿಟ್ಟಳು.

"ಹಾಗಾದ್ರೆ ಡ್ರ್ಯಾಗನ್ ಬೇಕಾದವರು ಏನ್ರೀ ಮಾಡ್ಬೇಕು?"

ಅವನ ಮುಖ ಅರಳಿತು. ಹೆಂಡತಿ ಆಟದ ಬಗ್ಗೆ ಕೇಳಿದ್ದು ಇದೇ ಮೊದಲು. "ಇನ್ನೊಂದು ನೆಲ ತರ್ಬೇಕು! ಇರೋದನ್ನೇ ಹಿಂಡಿದ್ರೆ ಆಗಲ್ಲ. ಅರ್ಥ ಆಯ್ತಾ?"

"ನೀವು ಇಷ್ಟು ಬಿಡಿಸಿ ಹೇಳಿದ್ಮೇಲೆ ಆಗದೇ ಇರುತ್ತಾ?"

ಅವಳು ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿದಳು. ಜೊಲ್ಲು ತಾಗೀತೆಂದು ಅವನು ಮೊದಲು ಎತ್ತಿ ಹಿಡಿದದ್ದು ಡ್ರ್ಯಾಗನ್ನನ್ನು.

"ಏಯ್, ನಾನು ಆಡ್ತಾ ಇದೀನಿ ಕಣೇ!"

"ಆಡಿ. ಮಗಳೂ ಕಲೀಲಿ."

ಬಾಲ್ಕನಿಗೆ ಬಂದು ಬಾಗಿಲು ಎಳೆದುಕೊಂಡಳು. ಭಯವೇನೂ ಹೋಗಿರಲಿಲ್ಲ, ಆದರೂ ಡೇ ಕೇರಿನ ನಂಬರು ಒತ್ತಿದಳು. ಹನ್ನೆರಡಕ್ಕೆ ಇನ್ನು ಒಂಬತ್ತು ನಿಮಿಷ.

"ಮೇಡಂ, ಆ ಜಾಗ ನಮಗೇ ಇರ್ಲಿ. ಸೋಮವಾರದಿಂದ ಕರ್ಕೊಂಡು ಬರ್ತೀವಿ."

"ಆಯ್ತಮ್ಮ, ಬರ್ಕೊಂಡೆ. ಮಗು ಹಟ ಮಾಡಿದ್ರೆ, ಜ್ವರ ಗಿರ ಬಂದ್ರೆ, ಮೊದಲು ಯಾರಿಗೆ ಫೋನ್ ಮಾಡೋದು? ನಿಮಗೇ ತಾನೆ?"

ಒಳಗೆ ಮಗು ರಾಗ ತೆಗೆದಿತ್ತು. "ಏನೇ! ಲೇ, ಇವಳೇ!" ಎಂದು ಜಡ್ಜ್ ಸಾಹೇಬರೂ ದನಿಗೂಡಿಸಿದ್ದರು.

"ಇಲ್ಲ ಮೇಡಂ," ಎಂದಳು ಅವಳು. "ಅವರಪ್ಪನಿಗೆ. ನಂಬರ್ ಹೇಳ್ತೀನಿ, ಬರ್ಕೊಳ್ಳಿ."