ಹುದುಗಪ್ಪನವರ ಸಂಸಾರ
ಕಬ್ಬಿನ ಕಾಕಂಬಿಯನ್ನು ಹುಳಿಸಿ ವಾಹನಗಳಿಗೆ ಎಥೆನಾಲ್ ತೆಗೆಯುವ ಕಾರ್ಖಾನೆಯಲ್ಲಿ ಯೀಸ್ಟಿನ ಉಸ್ತುವಾರಿ ನಮ್ಮ ಹುದುಗಪ್ಪನವರದು. ನಿಜವಾದ ಹೆಸರು ಬೇರೇನೋ ಇದೆ, ಯಾರಿಗೂ ನೆನಪಿಲ್ಲ. “ಊರಿನ ಬಸ್ಸು ಓಡೋದು, ನೀವು ಬಳಿಯೋ ಬಣ್ಣ, ಪೂಸೋ ಸೆಂಟು, ಎಲ್ಲಾ ನನ್ನ ಯೀಸ್ಟ್ ಮಕ್ಕಳ ದಯೆ ಕಣ್ರೀ” ಎಂದು ಕಂಡಕ್ಟರಿಗೂ ಹೇಳಿ ಕಿಟಕಿ ಪಕ್ಕದ ಸೀಟು ಗಿಟ್ಟಿಸುವವರು. “ಮನೇಲಿ ಹಾಲಿಗೆ ಹೆಪ್ಪು ಹಾಕೋಕೆ ಬರಲ್ಲ, ಇವರು ಲೋಕ ಓಡಿಸ್ತಾರಂತೆ!” ಎಂದು ಹೆಂಡತಿ ಮೂತಿ ತಿರುವುತ್ತಾರೆ. ಕಾಕಂಬಿ ಹುಳಿಯುವ ತೊಟ್ಟಿಯ ಬಳಿ ಯಾರಾದರೂ ಸೀನಿದರೆ ಸಾಕು, ಇವರು ಬಾಣಂತಿ ಕೋಣೆಯ ಅಜ್ಜಿಯಂತೆ ಹೌಹಾರುತ್ತಾರೆ. ಆದರೆ ತೊಟ್ಟಿಯೊಂದು ಮಾಗುತ್ತ ಬಂದಾಗ ಆ ಬಾಯಿ ತಾನಾಗಿ ಕಟ್ಟುತ್ತದೆ. ಬೇಗ ಬಟ್ಟಿ ಇಳಿಸಲು ಬಿಟ್ಟರೆ ಸಕ್ಕರೆ ದಂಡ, ತಡವಾದರೆ ಇಡೀ ತೊಟ್ಟಿಯೇ ಹಾಳು. ಮ್ಯಾನೇಜರು “ಬಿಡ್ರೀ ಬೇಗ” ಎಂದು ಅವಸರ ಮಾಡಿದರೂ ಇವರು ತೊಟ್ಟಿಯ ಉಕ್ಕಿನ ಗೋಡೆಗೆ ಕಿವಿ ಹಚ್ಚಿ, “ತಾಳಿ ಸಾರ್, ಇನ್ನೂ ಉಸಿರಾಡ್ತಿದ್ದಾರೆ” ಎನ್ನುತ್ತಾರೆ. ಒಳಗೆ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಗಳು ಸಿಹಿಯನ್ನೆಲ್ಲ ಉಂಡು, ತಾವೇ ಮಾಡಿದ ಮದ್ಯಸಾರದಲ್ಲಿ ಮುಳುಗಿ ಸಾಯುತ್ತಿರುತ್ತವೆ. ಗುಳ್ಳೆಗಳ ಸದ್ದು ಪೂರ್ತಿ ನಿಂತಾಗ ಮ್ಯಾನೇಜರೂ ದನಿ ತಗ್ಗಿಸಿ “ಈಗ ಬಿಡಬಹುದಾ?” ಎಂದು ಕೇಳುತ್ತಾರೆ. ಹುದುಗಪ್ಪನವರು ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ತಲೆ ಬಾಗಿಸಿ, ಮೆಲ್ಲಗೆ ವಾಲ್ವ್ ತಿರುಗಿಸುತ್ತಾರೆ.