ಕಲ್ಲು ತೆಗೆಸಲು ಹೆದರಿದವರಿಗೆ ನಾಲ್ಕು ಮಾತು

ಆಪರೇಷನ್ನಿಗೆ ಹೆದರಿ ಕೂತಿದ್ದ ಆ ಹಿರಿಯ ಹೆಂಗಸು ನನ್ನ ಮಾತು ಓದಿ ಇನ್ನಷ್ಟು ಹೆದರಬಹುದಿತ್ತು. ಹೆದರಿ, ಅತ್ತಾವರದ ಆಸ್ಪತ್ರೆಯಿಂದ ಚಪ್ಪಲಿ ಮೆಟ್ಟಿಕೊಂಡು ಸೀದಾ ಬಸ್‌ಸ್ಟಾಪಿಗೆ ಹೊರಡಬಹುದಿತ್ತು. ಉಪದೇಶ ಜಾಸ್ತಿಯಾದರೆ ಪಕ್ಕದ ಬೆಡ್ಡಿನವರು, ಓ, ಇವರದ್ದು ಮುಗಿಯಿತು, ಪ್ರಾರ್ಥನೆ ಸುರುವಾಯಿತು ಅಂದುಕೊಳ್ಳಬಹುದಿತ್ತು. ಕಡಿಮೆಯಾದರೆ, ಊರಿಗೆಲ್ಲ ಅಷ್ಟುದ್ದ ಬರೀತಾನೆ, ನನಗೆ ಇಷ್ಟೆಯಾ ಅಂತ ಬೇಜಾರು. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಗ್ರೂಪಿಗೆ ಹಾಕಿ, ಅಲ್ಲಿಂದ ಅದು ದುಬೈಗೆ ಹೋಗಿ, ದುಬೈಯಿಂದ ಸಂತಾಪ ಬರಬಹುದಿತ್ತು.

ಇಷ್ಟನ್ನೂ ನಾನು ಕಾವೂರಿನ ನಮ್ಮ ಮನೆಯಲ್ಲಿ, ಒಂದಕ್ಷರ ಬರೆಯುವ ಮೊದಲೇ, ಚಾ ತಣಿಯುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ.

ನಾನು ಭಾನುವಾರ ಭಾನುವಾರ ಫೇಸ್‌ಬುಕ್ಕಿನಲ್ಲಿ ನಾಲ್ಕು ಮಾತು ಬರೆಯುವವ. ಕ್ರೈಸ್ತನಾಗಿ ನನಗೆ ನಾನೇ ಹಾಕಿಕೊಂಡ ನಿಯಮ ಒಂದುಂಟು: ಓದಿದವರ ಜೀವಕ್ಕೆ ಹಿತವಾಗಬೇಕು, ಇಲ್ಲವಾದರೆ ಸುಮ್ಮನಿರಬೇಕು. ತಪ್ಪದೆ ಓದುವ ಕೆಲವರಲ್ಲಿ ಆಸ್ಪತ್ರೆಯ ಆ ಹೆಂಗಸೂ ಒಬ್ಬರು. ಪಿತ್ತಕೋಶದಲ್ಲಿ ಕಲ್ಲು. ಅವರ ಮಗಳು ಫೋನ್ ಮಾಡಿದ್ದಳು.

"ಅಂಕಲ್, ನಾಳೆ ಬೆಳಿಗ್ಗೆ ಆಪರೇಷನ್. ಅಮ್ಮ ಮನೆಗೆ ಹೋಗುವ ಅಂತ ಹಠ ಹಿಡಿದಿದ್ದಾಳೆ. ಡಾಕ್ಟ್ರು ಹೇಳಿದ್ರೂ ಇಲ್ಲ, ನಾನು ಹೇಳಿದ್ರೂ ಇಲ್ಲ. ನೀವು ಬರೆದದ್ದಾದ್ರೆ ಓದ್ತಾಳೆ. ಸ್ವಲ್ಪ ಧೈರ್ಯ ಹೇಳಿ."

ಧೈರ್ಯ! ನನ್ನ ಹತ್ತಿರ! ಆದರೆ ಭಾಷೆ ಧಾರಾಳ ಇತ್ತು. 'ಸಮಾಧಿಯ ಬಂಡೆಯನ್ನೇ ಉರುಳಿಸಿದ ದೇವರಿಗೆ ನಿಮ್ಮ ಕಲ್ಲು ಯಾವ ಲೆಕ್ಕ?' ಅಂತ ಬರೆದೆ. ನನಗೇ ಮೈ ಜುಮ್ಮೆಂದಿತು. ಅಡುಗೆಮನೆಗೆ ಹೋಗಿ ಓದಿ ಹೇಳಿದೆ. ಬಂಗುಡೆ ಮೀನು ಸ್ವಚ್ಛ ಮಾಡುತ್ತಿದ್ದ ಹೆಂಡತಿ ಕತ್ತಿ ಕೆಳಗಿಟ್ಟಳು.

"ಆಸ್ಪತ್ರೆಯಲ್ಲಿ ಮಲಗಿದವರಿಗೆ ಮೊದಲ ಶಬ್ದವೇ ಸಮಾಧಿಯಾ? ನಿಮ್ಮ ಮಂಡೆ ಸಮ ಉಂಟಾ ಮಾರಾಯ್ರೇ?"

"ಅದು ಪುನರುತ್ಥಾನ."

"ಅದಕ್ಕೆ ಮೊದಲು ಸಾಯ್ಬೇಕಲ್ಲ!"

ಅಳಿಸಿದೆ. ಬಿರುಗಾಳಿಯಲ್ಲಿ ಓಲಾಡುವ ದೋಣಿಯ ಬಗ್ಗೆ ಬರೆದೆ. "ಅವರಿಗೆ ಬಸ್ಸಿನಲ್ಲಿ ಕೂತರೇ ವಾಂತಿ," ಎಂದಳು. 'ದೇವರು ಕರೆದಾಗ ಅಂಜಬೇಡಿ' ಎಂಬುದನ್ನು ಮಾತ್ರ ನಾನೇ ಅಳಿಸಿದೆ, ಅವಳಿಗೆ ತೋರಿಸದೆ.

ಇವೆಲ್ಲ ನನ್ನ ಪೇಜಿನಲ್ಲಿ ಹಿಂದೆ ಬಂದ ಮಾತುಗಳೇ. ಕೆಳಗೆ ಸಾಲುಸಾಲು ಮುಗಿದ ಕೈಗಳು ಬಿದ್ದಿದ್ದವು. ಆಗ ಓದಿದವರಲ್ಲಿ ಯಾರು ಮಲಗಿದ್ದಾರೆ, ಯಾರು ಎದ್ದಿದ್ದಾರೆ ಅಂತ ನಾನು ನೋಡಿದವನಲ್ಲ. ಈಗ ಒಬ್ಬರು ಹಸಿರು ಬಟ್ಟೆಯಲ್ಲಿ ಬೆಡ್ಡಿನ ತುದಿಯಲ್ಲಿ ಕೂತಿದ್ದಾರೆ ಅಂತ ಗೊತ್ತಾದ ಕೂಡಲೇ ನನ್ನ ಚಂದದ ಮಾತೆಲ್ಲ ಔಷಧಿಯ ಚೀಟಿಯಲ್ಲಿ ಬರೆದ ಕವನದ ಹಾಗೆ ಕಂಡಿತು.

"ಅವರು ಎದುರಿಗೇ ಇದ್ದಿದ್ರೆ ಎಂತ ಹೇಳ್ತಿದ್ರಿ? ಅದನ್ನೇ ಬರೀರಿ. ಮತ್ತೆ ಈ ಕಡೆ ಬರಬೇಡಿ," ಎಂದಳು ಹೆಂಡತಿ.

ಬರೆದೆ: 'ಹೆದರಿಕೆ ಆಗ್ತದೆ, ಆಗಲಿ. ನನಗೆ ಹಲ್ಲು ಕೀಳಿಸುವುದಕ್ಕೂ ಆಗ್ತದೆ. ಹೆದರಿದವರ ಕೈಯನ್ನು ದೇವರು ಬಿಡುವುದಿಲ್ಲ. ಮಗಳು ಬಾಗಿಲ ಹೊರಗೇ ಇರ್ತಾಳೆ. ನಾವಿಬ್ಬರೂ ಬೆಳಿಗ್ಗೆ ನಿಮಗಾಗಿ ಪ್ರಾರ್ಥಿಸ್ತೇವೆ.' ಕೊನೆಗೆ, ನಮ್ಮವರು ಬಂದಾಗ ಹೋದಾಗ ಹೇಳುವ ಕೊಂಕಣಿಯ ಮಾತು, ನಾವು ಬರೆಯುವುದು ಕನ್ನಡ ಅಕ್ಷರದಲ್ಲೇ: 'ದೇವ್ ಬರೆಂ ಕರುಂ.' ದೇವರು ಒಳ್ಳೆಯದು ಮಾಡಲಿ. ಇನ್ನೊಮ್ಮೆ ಓದಿದರೆ ಇದನ್ನೂ ಅಳಿಸುತ್ತೇನೆ ಎಂದು ಹೆದರಿ, ಕಣ್ಣು ಮುಚ್ಚಿ ಕಳಿಸಿಬಿಟ್ಟೆ.

ಮರುದಿನ ಮಧ್ಯಾಹ್ನ ಮಗಳ ಫೋನ್. "ಆಯ್ತು ಅಂಕಲ್, ಕಲ್ಲು ತೆಗೆದ್ರು. ಅಮ್ಮ ತಾನಾಗಿಯೇ ಒಳಗೆ ಹೋದಳು, ನಗ್ತಾ. ಈಗ ನಕ್ಕರೆ ಹೊಲಿಗೆ ನೋಯ್ತದೆ ಅಂತ ನಿಮಗೇ ಬೈತಿದ್ದಾಳೆ."

"ನನಗೆ ಎಂತಕ್ಕೆ?"

"ನಿಮ್ಮಲ್ಲಿ ದನ ಉಂಟಾ?"

"ಇಲ್ಲ."

"ಮತ್ತೆ ಅದು ಯಾವ ಕರು ಅಂತ ಕೇಳ್ತಾಳೆ."

ಮೆಸೇಜು ತೆರೆದು ನೋಡಿದೆ. ಕೊಂಕಣಿ ಬಾರದ ನನ್ನ ಫೋನು ಆಶೀರ್ವಾದವನ್ನು ತಾನೇ ಕನ್ನಡಕ್ಕೆ ತಿದ್ದಿ ಕಳಿಸಿತ್ತು: 'ದೇವರು ಬೇರೆ ಕರು.'